ಒಂದಗುಳು ಹಿಸುಕಿದರೆ ಸಾಲದು: ಸಾಫ್ಟ್‌ವೇರ್ ಪರೀಕ್ಷೆಗೆ ಹೊಸದಾಗಿ ಕೈಹಾಕುವವರಿಗೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕು ಎಂಬುದು ನಮ್ಮ ಅಡುಗೆಮನೆಗಳ ಹಳೆಯ ಲೆಕ್ಕ. ಪಾತ್ರೆ ಒಂದೇ, ನೀರು ಒಂದೇ, ಉರಿಯೂ ಒಂದೇ ಆಗಿರುವುದರಿಂದ ಕೈಗೆ ಸಿಕ್ಕ ಅಗುಳು ಬೆಂದಿದ್ದರೆ ಉಳಿದವೂ ಬೆಂದಿರುತ್ತವೆ. ಹಳ್ಳಿಯ ಡೇರಿಯಲ್ಲಿ ಕೂರುವ ಹಾಲು ಪರೀಕ್ಷಕರೂ ಇದೇ ನಂಬಿಕೆಯ ಮೇಲೆ ಕೆಲಸ ಮಾಡುತ್ತಾರೆ: ಹಾಲನ್ನು ಚೆನ್ನಾಗಿ ಕಲಕಿ, ಒಂದಿಷ್ಟು ಮಾದರಿ ತೆಗೆದು ಫ್ಯಾಟ್ ನೋಡಿದರೆ ಇಡೀ ಕ್ಯಾನಿನ ಫ್ಯಾಟ್ ತಿಳಿದಂತೆ. ಪ್ರೋಗ್ರಾಮನ್ನು ಮಾತ್ರ ಹೀಗೆ ಕಲಕಲು ಬರುವುದಿಲ್ಲ. 4.2 ಫ್ಯಾಟಿನ ಹಾಲಿಗೆ ಸರಿಯಾದ ಬಿಲ್ಲು ಕೊಟ್ಟ ಪ್ರೋಗ್ರಾಮು 3.5 ಫ್ಯಾಟಿನ ಹಾಲಿಗೆ ತಪ್ಪು ಬಿಲ್ಲು ಕೊಡಬಲ್ಲದು, ಮತ್ತು ಮೊದಲ ಬಿಲ್ಲನ್ನು ಎಷ್ಟು ಸಲ ನೋಡಿದರೂ ಎರಡನೆಯದರ ಸುಳಿವು ಸಿಗುವುದಿಲ್ಲ. ಸಾಫ್ಟ್‌ವೇರ್ ಪರೀಕ್ಷೆಯ ಬಗ್ಗೆ ನಾನು ಕೇಳಿರುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಅನ್ನದ ಲೆಕ್ಕವನ್ನು ಪ್ರೋಗ್ರಾಮಿಗೂ ಹಚ್ಚುವುದರಿಂದ ಹುಟ್ಟಿದವು.

ಇಲ್ಲಿನ ಉದಾಹರಣೆಗಳು ಬಹುಪಾಲು ಮದ್ದೂರು ತಾಲ್ಲೂಕಿನ ನಮ್ಮೂರ ಡೇರಿಯವು. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಟೆಸ್ಟರ್ ಆಗಿದ್ದೇನೆ. ಡೇರಿಯವರು ಕೈಬರಹದ ಪುಸ್ತಕ ಬಿಟ್ಟು ಕಂಪ್ಯೂಟರಿನಲ್ಲಿ ಹಾಲಿನ ಲೆಕ್ಕ ಇಡಲು ಹೊರಟಾಗ, ‘ನಿಂದು ಇದೇ ಕೆಲಸ ಅಲ್ವೇನಪ್ಪ, ಒಂದ್ಸಲ ನೋಡ್ಕೊಡು’ ಎಂದು ಕಾರ್ಯದರ್ಶಿಗಳು ಕರೆದುದರಿಂದ ನನ್ನ ಕೆಲವು ಭಾನುವಾರಗಳು ಅಲ್ಲಿ ಕಳೆದವು. ಪ್ರೋಗ್ರಾಮಿನ ಕೆಲಸ ದೊಡ್ಡದೇನಲ್ಲ: ಸದಸ್ಯರ ಸಂಖ್ಯೆ, ಲೀಟರು, ಫ್ಯಾಟ್ ಮತ್ತು ಕೊಬ್ಬು ಬಿಟ್ಟು ಉಳಿದ ಘನಾಂಶವನ್ನು ತೋರಿಸುವ ಎಸ್‌ಎನ್‌ಎಫ್ ಇಷ್ಟನ್ನು ತೆಗೆದುಕೊಂಡು ಚೀಟಿ ಮುದ್ರಿಸುವುದು, ವಾರಕ್ಕೊಮ್ಮೆ ಬಟವಾಡೆಯ ಪಟ್ಟಿ ಕೊಡುವುದು. ದರ ಮತ್ತು ಕಡಿತದ ಅಂಕಿಗಳನ್ನು ವಿವರಣೆಗೆ ಅನುಕೂಲವಾಗುವಂತೆ ಸರಳಗೊಳಿಸಿದ್ದೇನೆ.

ಪರೀಕ್ಷೆ ಏನನ್ನು ಹೇಳಬಲ್ಲದು

‘ಟೆಸ್ಟಿಂಗ್ ಆಗಿದೆ, ಇನ್ನು ಬಗ್ ಇರುವುದಿಲ್ಲ’ ಎಂಬ ಮಾತು ಎಲ್ಲ ಆಫೀಸಿನಲ್ಲೂ ಕೇಳಿಬರುತ್ತದೆ. ಪರೀಕ್ಷೆಯಿಂದ ಬಗ್, ಅಂದರೆ ಪ್ರೋಗ್ರಾಮಿನೊಳಗಿನ ತಪ್ಪು, ಇದೆ ಎಂದು ತೋರಿಸಬಹುದೇ ಹೊರತು ಇಲ್ಲ ಎಂದು ತೋರಿಸಲಾಗದು ಎಂಬುದನ್ನು ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ 1969ರಲ್ಲಿ ರೋಮ್‌ನಲ್ಲಿ ನಡೆದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಮ್ಮೇಳನದಲ್ಲಿಯೇ ಹೇಳಿದ್ದರು. ಇದು ತತ್ತ್ವದ ಮಾತೆಂದು ಬದಿಗಿಡುವವರು ಒಮ್ಮೆ ಗುಣಾಕಾರ ಮಾಡಿ ನೋಡಬೇಕು. ಒಬ್ಬ ಸದಸ್ಯ ಒಂದು ಹೊತ್ತಿಗೆ 0.1ರಿಂದ 40.0 ಲೀಟರಿನವರೆಗೆ ಹಾಲು ಹಾಕಬಹುದು ಎಂದುಕೊಂಡರೆ ಅಲ್ಲಿ 400 ಬೆಲೆಗಳು. ಫ್ಯಾಟ್ 2.0ರಿಂದ 10.0ರವರೆಗೆ ಎಂದರೆ 81, ಎಸ್‌ಎನ್‌ಎಫ್ 7.0ರಿಂದ 9.5ರವರೆಗೆ ಎಂದರೆ 26. ಬೆಳಗ್ಗೆ ಮತ್ತು ಸಂಜೆ, ಹಸು ಮತ್ತು ಎಮ್ಮೆ ಎಂಬ ಎರಡೆರಡು ಆಯ್ಕೆಗಳನ್ನೂ ಸೇರಿಸಿ ಗುಣಿಸಿದರೆ 33,69,600 ಬಗೆಯ ನಮೂದುಗಳಾಗುತ್ತವೆ. ಒಂದೊಂದನ್ನು ಟೈಪಿಸಿ ಚೀಟಿ ನೋಡಲು ಅರ್ಧ ನಿಮಿಷ ಹಿಡಿದು, ದಿನಕ್ಕೆ ಎಂಟು ಗಂಟೆ, ಒಂದು ದಿನವೂ ರಜೆಯಿಲ್ಲದೆ ಕುಳಿತರೆ ಒಂಬತ್ತೂವರೆ ವರ್ಷಕ್ಕೂ ಹೆಚ್ಚು ಬೇಕು. ಹಳ್ಳಿಯ ಡೇರಿಯ ಒಂದೇ ಒಂದು ಪರದೆಗೆ ಈ ಗತಿಯಾದರೆ ಬ್ಯಾಂಕಿನ ಸಾಫ್ಟ್‌ವೇರಿನ ಮಾತೇ ಬೇಡ. ಆದ್ದರಿಂದ ‘ಎಲ್ಲವನ್ನೂ ಪರೀಕ್ಷಿಸಿದ್ದೇವೆ’ ಎಂದು ಹೇಳುವವರು ಒಂದೋ ಲೆಕ್ಕ ಹಾಕಿಲ್ಲ, ಇಲ್ಲವೇ ‘ಎಲ್ಲ’ ಎಂಬ ಪದವನ್ನು ಸಡಿಲವಾಗಿ ಬಳಸುತ್ತಿದ್ದಾರೆ.

ಹಾಗಾದರೆ ಪರೀಕ್ಷೆ ಮಾಡುವುದೇಕೆ? ಎಲ್ಲಿ ಅಪಾಯವಿದೆ, ಎಷ್ಟಿದೆ ಎಂಬ ಮಾಹಿತಿಯನ್ನು, ಅದನ್ನು ಬಳಸಿ ತೀರ್ಮಾನ ಮಾಡಬೇಕಾದವರ ಕೈಗೆ ಸಮಯಕ್ಕೆ ಸರಿಯಾಗಿ ಕೊಡುವುದಕ್ಕೆ. ಫ್ಯಾಟ್ ನೋಡಿದ ಮಾತ್ರಕ್ಕೆ ಹಾಲು ಗಟ್ಟಿಯಾಗುವುದಿಲ್ಲ; ಟೆಸ್ಟ್ ಮಾಡಿದ ಮಾತ್ರಕ್ಕೆ ಕೋಡ್ ಒಳ್ಳೆಯದಾಗುವುದೂ ಇಲ್ಲ. ಗುಣಮಟ್ಟಕ್ಕೆ ಟೆಸ್ಟರ್ ಒಬ್ಬನೇ ಹೊಣೆಯೆಂದು ಹೊರಿಸಿ, ಬಗ್ ಹೊರಗೆ ಹೋದಾಗ ‘ನೀನೇಕೆ ಹಿಡಿಯಲಿಲ್ಲ’ ಎಂದು ಕೇಳುವ ತಂಡಗಳು ಈ ವ್ಯತ್ಯಾಸವನ್ನು ಮರೆತಿರುತ್ತವೆ.

ಯಾವ ಅಗುಳನ್ನು ಹಿಸುಕಬೇಕು

ಮೂವತ್ತಮೂರು ಲಕ್ಷದಲ್ಲಿ ಐವತ್ತನ್ನೋ ಅರುವತ್ತನ್ನೋ ಆಯ್ದುಕೊಳ್ಳಬೇಕಾದರೆ ಆಯ್ಕೆಗೆ ಒಂದು ಕ್ರಮ ಬೇಕು. ಮೊದಲ ಹೆಜ್ಜೆ ಗುಂಪು ಮಾಡುವುದು. ಫ್ಯಾಟ್ 3.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೂರ್ತಿ ದರ, ಕಡಿಮೆಯಿದ್ದರೆ ಕಡಿತ ಎಂಬುದು ನಿಯಮವೆಂದು ಇಟ್ಟುಕೊಳ್ಳೋಣ. ಪ್ರೋಗ್ರಾಮಿನ ಮಟ್ಟಿಗೆ 4.1, 4.2, 4.7 ಇವೆಲ್ಲ ಒಂದೇ ಗುಂಪಿನವು. ಅವುಗಳಲ್ಲಿ ಒಂದನ್ನು ನೋಡಿದ ಮೇಲೆ ಇನ್ನೊಂದನ್ನು ನೋಡುವುದರಿಂದ ಹೊಸದಾಗಿ ತಿಳಿಯುವುದು ಅತ್ಯಲ್ಪ. ಕಡಿತದ ಗುಂಪು ಇನ್ನೊಂದು. ಖಾಲಿ ಬಿಟ್ಟದ್ದು, ಸೊನ್ನೆ, ಋಣಸಂಖ್ಯೆ, ‘35’ ಎಂದು ಚುಕ್ಕಿ ಮರೆತು ಒತ್ತಿದ್ದು, ಅಕ್ಷರ ಒತ್ತಿದ್ದು ಇವು ಪ್ರೋಗ್ರಾಮು ಒಪ್ಪಿಕೊಳ್ಳಬಾರದ ಗುಂಪುಗಳು. ಹೊಸಬರು ಒಪ್ಪುವ ಗುಂಪಿನಲ್ಲೇ ಹದಿನೈದು ಟೆಸ್ಟ್ ಕೇಸು (ಏನನ್ನು ಹಾಕಿದರೆ ಏನು ಬರಬೇಕು ಎಂದು ಬರೆದಿಟ್ಟ ಒಂದೊಂದು ಪರೀಕ್ಷೆ) ಬರೆದು, ಒಪ್ಪಬಾರದ ಗುಂಪಿಗೆ ಒಂದನ್ನೂ ಬರೆಯದೆ ಇರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಎರಡನೆಯ ಹೆಜ್ಜೆ ಗಡಿಯ ಮೇಲೆ ಕಣ್ಣಿಡುವುದು. ಮಂಡ್ಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯ ನೀರು 100 ಅಡಿಯಲ್ಲಿದ್ದಾಗ ದಶಾಂಶವನ್ನು ಯಾರೂ ಕೇಳುವುದಿಲ್ಲ. ಗರಿಷ್ಠ ಮಟ್ಟವಾದ 124.80 ಅಡಿಯ ಹತ್ತಿರ ಬಂದಾಗ ಮಾತ್ರ ಚುಕ್ಕಿಯ ಮುಂದಿನ ಎರಡು ಅಂಕಿಗಳನ್ನೂ ಓದುತ್ತೇವೆ, ಏಕೆಂದರೆ ಗೇಟು ತೆರೆಯುವ ತೀರ್ಮಾನ ನಡೆಯುವುದು ಅಲ್ಲಿ. ಪ್ರೋಗ್ರಾಮಿನಲ್ಲಿಯೂ ತೀರ್ಮಾನ ನಡೆಯುವ ಜಾಗದಲ್ಲಿಯೇ ಬರೆದವರ ಕೈ ತಪ್ಪುತ್ತದೆ. ‘ಹೆಚ್ಚು ಅಥವಾ ಸಮ’ ಎಂದು ಬರೆಯಬೇಕಾದಲ್ಲಿ ‘ಹೆಚ್ಚು’ ಎಂದಷ್ಟೇ ಬರೆದಿದ್ದರೆ 4.2 ಮತ್ತು 3.0 ಎರಡೂ ಸರಿಯಾದ ಉತ್ತರವನ್ನೇ ಕೊಡುತ್ತವೆ, 3.5 ಒಂದೇ ಸಿಕ್ಕಿಬೀಳುತ್ತದೆ. ಆದ್ದರಿಂದ 3.4, 3.5, 3.6 ಈ ಮೂರನ್ನೂ ತಪ್ಪದೆ ನೋಡಬೇಕು. ನಮ್ಮ ಡೇರಿಯ ಪ್ರೋಗ್ರಾಮಿನಲ್ಲಿ ಆಗಿದ್ದೂ ಇದೇ. ಬರೆದ ಹುಡುಗ ತನ್ನ ಕಡೆಯಿಂದ ಎರಡು ಬೆಲೆಗಳನ್ನು ಹಾಕಿ ನೋಡಿ, ಎರಡೂ ಸರಿಬಂದುದರಿಂದ ನಿಶ್ಚಿಂತನಾಗಿದ್ದ. ಸರಿಯಾಗಿ 3.5 ಬರುವ ಹಸುಗಳ ಮನೆಯವರೇ ನಷ್ಟಕ್ಕೊಳಗಾಗುತ್ತಿದ್ದರು.

ಮೂರನೆಯದು, ಷರತ್ತುಗಳು ಒಂದರ ಮೇಲೊಂದು ಬಿದ್ದಾಗ ಏನಾಗುತ್ತದೆ ಎಂಬುದು. ಫ್ಯಾಟ್ ಸಾಕಷ್ಟಿದ್ದು ಎಸ್‌ಎನ್‌ಎಫ್ ಕಡಿಮೆ, ಎಸ್‌ಎನ್‌ಎಫ್ ಸಾಕಷ್ಟಿದ್ದು ಫ್ಯಾಟ್ ಕಡಿಮೆ, ಎರಡೂ ಸಾಕಷ್ಟು, ಎರಡೂ ಕಡಿಮೆ ಎಂದು ಕಾಗದದ ಮೇಲೆ ನಾಲ್ಕು ಮನೆಯ ಕೋಷ್ಟಕ ಗೀಚಿ, ಪ್ರತಿ ಮನೆಯಲ್ಲಿ ಬರಬೇಕಾದ ಉತ್ತರವನ್ನು ಬರೆಯಿರಿ. ನಾಲ್ಕನೆಯ ಮನೆಗೆ ಬಂದಾಗ ಎರಡೂ ಕಡಿತವನ್ನು ಸೇರಿಸಬೇಕೋ, ದೊಡ್ಡದನ್ನು ಮಾತ್ರ ಹಿಡಿಯಬೇಕೋ ಎಂಬ ಪ್ರಶ್ನೆ ಏಳುತ್ತದೆ. ಪ್ರೋಗ್ರಾಮು ಏನು ಮಾಡಬೇಕೆಂದು ಬರೆದುಕೊಟ್ಟ ರಿಕ್ವೈರ್‌ಮೆಂಟಿನಲ್ಲಿ ಅದಕ್ಕೆ ಉತ್ತರ ಇಲ್ಲದಿರುವುದು ಆಗ ಗೊತ್ತಾಗುತ್ತದೆ. ಕಂಪ್ಯೂಟರನ್ನು ಇನ್ನೂ ಆನ್ ಮಾಡದೆಯೇ ಸಿಕ್ಕ ಬಗ್ ಇದು.

ನಿರೀಕ್ಷಿತ ಉತ್ತರ ಎಲ್ಲಿಂದ ಬರಬೇಕು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ವಿಷಯ ನೆನಪಿನಲ್ಲಿ ಉಳಿಯಬೇಕಾದರೆ ಅದು ಇದಾಗಲಿ: ಬರಬೇಕಾದ ಉತ್ತರವನ್ನು ಪ್ರೋಗ್ರಾಮು ಓಡಿಸುವ ಮೊದಲೇ, ಪ್ರೋಗ್ರಾಮಿನ ಹೊರಗಿನಿಂದ ಪಡೆದು ಬರೆದಿಡಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಸಾಲದ ಬಡ್ಡಿ ಲೆಕ್ಕ ಹಾಕುವ ಒಂದು ಪರದೆಯನ್ನು ನನಗೆ ವಹಿಸಿದ್ದರು. ನಲವತ್ತೆಂಟು ಟೆಸ್ಟ್ ಕೇಸು ಬರೆದೆ. ‘ನಿರೀಕ್ಷಿತ ಉತ್ತರ’ ಎಂಬ ಕಾಲಮ್ಮನ್ನು, ಸಮಯ ಉಳಿಸುವ ಆತುರದಲ್ಲಿ, ಪರದೆಯ ಮೇಲೆ ಬಂದ ಸಂಖ್ಯೆಯನ್ನೇ ನಕಲು ಮಾಡಿ ತುಂಬಿಸಿದೆ. ನಲವತ್ತೆಂಟೂ ಪಾಸಾದವು, ಆಗದೆ ಇರುವುದು ಸಾಧ್ಯವೇ ಇರಲಿಲ್ಲ. ಅಧಿಕ ವರ್ಷದ ಲೆಕ್ಕ ತಪ್ಪಿದೆ ಎಂಬುದನ್ನು ಗ್ರಾಹಕರ ಕಡೆಯ ಗುಮಾಸ್ತರೊಬ್ಬರು ಕ್ಯಾಲ್ಕುಲೇಟರು ಹಿಡಿದು ಮೊದಲ ದಿನವೇ ತೋರಿಸಿದರು. ಪ್ರಶ್ನೆಪತ್ರಿಕೆಯನ್ನೂ ಉತ್ತರಪತ್ರಿಕೆಯನ್ನೂ ಒಬ್ಬನೇ ಹುಡುಗನಿಂದ ಬರೆಸಿ ನೂರಕ್ಕೆ ನೂರು ಕೊಟ್ಟಂತಿತ್ತು ನನ್ನ ಕೆಲಸ.

ಡೇರಿಯಲ್ಲಿ ಹೊರಗಿನ ಉತ್ತರ ಸಿದ್ಧವಾಗಿಯೇ ಇತ್ತು: ಕಾರ್ಯದರ್ಶಿಗಳ ಕೈಬರಹದ ಪುಸ್ತಕ. ಹಿಂದಿನ ಒಂದು ವಾರದ ನಮೂದುಗಳನ್ನು ಕಂಪ್ಯೂಟರಿಗೆ ತುಂಬಿ, ಬಟವಾಡೆಯ ಪಟ್ಟಿಯನ್ನು ಪುಸ್ತಕದ ಪಕ್ಕದಲ್ಲಿ ಇಟ್ಟು ನೋಡಿದಾಗ ಹಲವರ ಲೆಕ್ಕದಲ್ಲಿ ಪೈಸೆಗಳ ವ್ಯತ್ಯಾಸ ಕಂಡಿತು. ಒಬ್ಬರ ಲೆಕ್ಕವನ್ನು ಬಿಡಿಸಿ ನೋಡೋಣ. ಹೊತ್ತಿಗೆ 4.3 ಲೀಟರು, ಲೀಟರಿಗೆ 33.45 ರೂಪಾಯಿಯಂತೆ ಒಂದು ಹೊತ್ತಿನ ಮೊತ್ತ 143.835 ರೂಪಾಯಿ. ಪ್ರೋಗ್ರಾಮು ಪ್ರತಿ ಚೀಟಿಯಲ್ಲೂ ಅದನ್ನು 143.84 ಎಂದು ದುಂಡಾಗಿಸಿ, ವಾರದ ಹದಿನಾಲ್ಕು ಹೊತ್ತನ್ನು ಕೂಡಿ 2,013.76 ಎನ್ನುತ್ತಿತ್ತು. ಪುಸ್ತಕದಲ್ಲಿ ವಾರದ ಒಟ್ಟು ಲೀಟರಿಗೆ ದರ ಕಟ್ಟಿದ್ದರಿಂದ ಅಲ್ಲಿ 2,013.69 ಇತ್ತು. ಏಳು ಪೈಸೆ. ಕಾರ್ಯದರ್ಶಿಗಳನ್ನು ಕೇಳಿದಾಗ, ‘ದಿನಾ ಪೈಸಾ ಯಾರ್ ಎಣಿಸ್ತಾರಪ್ಪ, ಕಡೇಲಿ ಒಟ್ಗೆ ಕಟ್ತೀವಿ’ ಎಂದರು. ಇನ್ನೂರು ಸದಸ್ಯರಿಗೂ ಹೀಗೇ ಆದರೆ ವಾರಕ್ಕೆ ಹದಿನಾಲ್ಕು ರೂಪಾಯಿ ಹೆಚ್ಚಾಗಿ ಹೋಗುತ್ತದೆ; ಹಣ ಸಣ್ಣದು, ಆದರೆ ಲೆಕ್ಕಪರಿಶೋಧನೆಯ ಹೊತ್ತಿಗೆ ಅದಕ್ಕೆ ವಿವರಣೆ ಕೊಡಬೇಕಾದವರು ಕಾರ್ಯದರ್ಶಿಗಳು. ಎರಡರಲ್ಲಿ ಯಾವುದು ಸರಿ ಎಂಬುದನ್ನು ಟೆಸ್ಟರ್ ತೀರ್ಮಾನಿಸಬಾರದು, ಡೆವಲಪರ್ ಕೂಡ ತೀರ್ಮಾನಿಸಬಾರದು. ವ್ಯತ್ಯಾಸವನ್ನು ಅಂಕಿಸಹಿತ ಆಡಳಿತ ಮಂಡಳಿಯ ಮುಂದಿಟ್ಟೆವು. ಚೀಟಿಯಲ್ಲಿ ಕಂಡ ಮೊತ್ತವೇ ಸೇರಿ ಬಟವಾಡೆಯಾಗಬೇಕು, ಇಲ್ಲವಾದರೆ ಚೀಟಿ ಕೂಡಿಸಿ ನೋಡುವ ರೈತರಿಗೆ ಅನುಮಾನ ಬರುತ್ತದೆ ಎಂದು ಅವರು ಪ್ರೋಗ್ರಾಮಿನ ರೀತಿಯನ್ನೇ ಒಪ್ಪಿದರು. ಆ ನಿಯಮ ಅಂದು ಮೊದಲ ಬಾರಿಗೆ ಕಾಗದಕ್ಕೆ ಇಳಿಯಿತು.

ಹಣದ ಲೆಕ್ಕವಿರುವ ಕಡೆ ಇನ್ನೂ ಎರಡನ್ನು ನೋಡಿ. ಕಂಪ್ಯೂಟರು ದಶಾಂಶಗಳನ್ನು ಇಟ್ಟುಕೊಳ್ಳುವ ಸಾಮಾನ್ಯ ರೀತಿಯಾದ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳಲ್ಲಿ 0.1 ಎಂಬುದು ನಿಖರವಾಗಿ ಕೂರುವುದಿಲ್ಲ. ಅದನ್ನು ಹತ್ತು ಸಲ ಕೂಡಿಸಿದರೆ 1ರ ಬದಲು 0.9999999999999999 ಬರುತ್ತದೆ. ಆದ್ದರಿಂದ ‘ಸಮವಾಗಿದೆಯೇ’ ಎಂದು ಹೋಲಿಸುವ ಕೋಡ್ ಎಲ್ಲಿದೆ ಎಂದು ಡೆವಲಪರನ್ನು ಕೇಳಿಯೇ ಟೆಸ್ಟ್ ಕೇಸು ಬರೆಯುವುದು ಒಳ್ಳೆಯದು. ಹಾಗೆಯೇ ಅರ್ಧವನ್ನು ಮೇಲಕ್ಕೆ ದುಂಡಾಗಿಸುವುದು ನಮಗೆ ಶಾಲೆಯಲ್ಲಿ ಕಲಿಸಿದ ರೀತಿಯಾದರೂ, ಪೈಥಾನ್ ಭಾಷೆಯಲ್ಲಿ 2.5 ಅನ್ನು ದುಂಡಾಗಿಸಿದರೆ 2 ಬರುತ್ತದೆ, ಏಕೆಂದರೆ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ.

ಹೆಸರು, ಕರೆಂಟು, ಎಂಟರ್ ಕೀ

ಟೆಸ್ಟಿಂಗ್ ಎಂದರೆ ಬರೀ ಕ್ಲಿಕ್ ಮಾಡುವ ಕೆಲಸ, ಕೋಡ್ ಬಾರದವರು ಮಾಡುವಂಥದು ಎಂದು ಕ್ಯಾಂಪಸ್ ಆಯ್ಕೆಯಲ್ಲಿ ಬಂದ ಹುಡುಗರು ಮುಖ ಸಣ್ಣದು ಮಾಡುತ್ತಾರೆ. ಅವರಿಗೆ ನಾನು ತೋರಿಸುವುದು ಡೇರಿಯ ಒಂದು ಚೀಟಿಯನ್ನು. ಡೆವಲಪರ್ ‘ರಾಜು’ ಎಂಬ ಹೆಸರಿನಿಂದ ಪರೀಕ್ಷೆ ಮಾಡಿದ್ದ; ಎಲ್ಲವೂ ಸರಿಯಾಗಿತ್ತು. ನಿಜವಾದ ಸದಸ್ಯರ ಪಟ್ಟಿ ತುಂಬಿದ ಮೇಲೆ ಪುಟ್ಟಸ್ವಾಮಿಯವರ ಚೀಟಿಯಲ್ಲಿ ‘ಪುಟ್ಟಸ್ವಾಮ’ ಎಂದೂ ಚಿಕ್ಕಲಿಂಗೇಗೌಡರ ಚೀಟಿಯಲ್ಲಿ ‘ಚಿಕ್ಕಲಿಂಗೇ’ ಎಂದೂ ಮುದ್ರಣವಾಯಿತು. ಗೌಡರ ಗೌಡಿಕೆಯೇ ಹೋಯಿತೆಂದು ಡೇರಿಯ ಮುಂದೆ ನಗೆಯೆದ್ದಿತು, ಆದರೆ ಕಾರಣ ನಗುವಂಥದಲ್ಲ. ‘ಪುಟ್ಟಸ್ವಾಮಿ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕೊಂಬು, ಒತ್ತು ಹುಟ್ಟಿಸುವ ಹಲಂತ ಚಿಹ್ನೆ (್), ದೀರ್ಘ, ಗುಡಿಸು ಎಲ್ಲಕ್ಕೂ ಬೇರೆ ಬೇರೆ ಸಂಕೇತವಿರುವುದರಿಂದ ಅದು ಹನ್ನೊಂದು ಸಂಕೇತಗಳಾಗುತ್ತದೆ; ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟಿನಂತೆ 33 ಬೈಟ್ ಬೇಕು. ಹೆಸರಿನ ಜಾಗಕ್ಕೆ 30 ಬೈಟ್ ಇಟ್ಟಿದ್ದುದರಿಂದ ಹತ್ತನೆಯ ಸಂಕೇತಕ್ಕೇ ಕತ್ತರಿ ಬಿದ್ದಿತು. ಇಂಗ್ಲಿಷಿನಲ್ಲಿ ಮೂವತ್ತು ಅಕ್ಷರಕ್ಕೆ ಸಾಕಾಗುವ ಜಾಗವು ಕನ್ನಡದ ನಾಲ್ಕು ಅಕ್ಷರಕ್ಕೆ ಸಾಲಲಿಲ್ಲ.

ಕನ್ನಡದ ಪಠ್ಯ ಹಿಡಿಯುವ ಯಾವ ಸಾಫ್ಟ್‌ವೇರಿಗೂ ಇನ್ನೊಂದು ಪರೀಕ್ಷೆ ಬೇಕೇಬೇಕು. ‘ಶ್ರೀ’ಯಲ್ಲಿರುವ ದೀರ್ಘ ಈಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಇಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಬೈಟುಗಳನ್ನು ನೇರವಾಗಿ ಹೋಲಿಸುವ ಪ್ರೋಗ್ರಾಮಿಗೆ ಮಾತ್ರ ಅವು ಬೇರೆ ಬೇರೆ ಹೆಸರುಗಳು; ಶ್ರೀನಿವಾಸರನ್ನು ಹುಡುಕಿದರೆ ‘ಇಂಥ ಸದಸ್ಯರಿಲ್ಲ’ ಎನ್ನುತ್ತದೆ, ಇಲ್ಲವೇ ಒಬ್ಬರನ್ನೇ ಎರಡು ಸಲ ಸೇರಿಸಿಕೊಳ್ಳುತ್ತದೆ. ಎರಡೂ ರೂಪದಲ್ಲಿ ಹೆಸರು ಸೇರಿಸಿ ಹುಡುಕಿ ನೋಡಿ. ಸಂಖ್ಯೆಯ ಜಾಗದಲ್ಲಿ ಯಾರಾದರೂ ‘೪.೩’ ಎಂದು ಕನ್ನಡ ಅಂಕಿಗಳನ್ನು ಒತ್ತಿದರೆ ಏನಾಗುತ್ತದೆ ಎಂಬುದನ್ನೂ ಜೊತೆಗೇ ನೋಡಬಹುದು.

ಪ್ರೋಗ್ರಾಮು ನಡೆಯುವ ಜಾಗವನ್ನು ಕಣ್ಣಾರೆ ನೋಡದೆ ಇಂಥ ಕೇಸುಗಳು ಹೊಳೆಯುವುದಿಲ್ಲ. ಬೆಳಗಿನ ಆರೂವರೆಗೆ ಡೇರಿಯಲ್ಲಿ ಸಾಲು ನಿಂತಿರುತ್ತದೆ. ನಮೂದು ಮಾಡುವವರ ಒಂದು ಕೈ ಹಾಲಿನ ಕ್ಯಾನಿನ ಮೇಲೆ, ಇನ್ನೊಂದು ಕೈ ಕೀಬೋರ್ಡಿನ ಮೇಲೆ. ಚೀಟಿ ಬರುವುದು ಎರಡು ಸೆಕೆಂಡು ತಡವಾದರೆ ಎಂಟರ್ ಕೀಯನ್ನು ಇನ್ನೊಮ್ಮೆ ಒತ್ತುತ್ತಾರೆ, ಹಾಗೆ ಒತ್ತಿದಾಗ ಒಂದೇ ಹಾಲು ಎರಡು ಸಲ ಏರುತ್ತದೆಯೇ? ನಮೂದಿನ ಮಧ್ಯೆ ಕರೆಂಟು ಹೋಗಿ ಬಂದ ಮೇಲೆ ಆ ಸದಸ್ಯರ ಹಾಲು ಲೆಕ್ಕಕ್ಕೆ ಬಂದಿದೆಯೋ ಇಲ್ಲವೋ, ಬಂದಿದ್ದರೆ ಚೀಟಿಯನ್ನು ಮತ್ತೆ ಮುದ್ರಿಸುವುದು ಹೇಗೆ? ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ, ಇಂದಿನ ಹಾಲು ಎಂದೋ ಮುಗಿದ ಬಟವಾಡೆಗೆ ಸೇರುತ್ತದೆಯೇ? ನಾವು ಎಂಟರನ್ನು ಎರಡು ಸಲ ಒತ್ತಿ, ಪ್ಲಗ್ ಎಳೆದು, ದಿನಾಂಕ ಬದಲಿಸಿ ಮೂರನ್ನೂ ನೋಡಿದೆವು. ಮೊದಲ ಎರಡರಲ್ಲಿ ಬಗ್ ಸಿಕ್ಕಿತು. ‘ನನ್ನ ಮಷೀನಿನಲ್ಲಿ ಸರಿಯಾಗಿಯೇ ಇದೆ’ ಎಂದು ಡೆವಲಪರ್ ಹೇಳಿದ್ದು ಸುಳ್ಳಲ್ಲ. ಅವನ ಮಷೀನಿನ ಮುಂದೆ ಹಾಲು ಹಿಡಿದ ನಲವತ್ತು ಜನ ನಿಂತಿರಲಿಲ್ಲ.

ಹಿಂದೆ ಚೆನ್ನಾಗಿ ನಡೆದಿತ್ತು ಎಂಬ ಧೈರ್ಯವೂ ಇದೇ ಜಾತಿಯದು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡುಗಳಲ್ಲಿ ಆಕಾಶದಲ್ಲಿ ಚೂರಾಯಿತು. ಏರಿಯಾನ್-4ರಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದಿದ್ದ ಕೋಡನ್ನು ಹೊಸ ರಾಕೆಟಿಗೂ ತಂದಿದ್ದರು. ಅದರಲ್ಲಿ 64 ಬಿಟ್‌ಗಳ ಒಂದು ಸಂಖ್ಯೆಯನ್ನು 16 ಬಿಟ್‌ಗಳ ಜಾಗಕ್ಕೆ ಇಳಿಸುವ ಹೆಜ್ಜೆಯಿತ್ತು. ಆ ಜಾಗದಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 32,767. ಹೊಸ ರಾಕೆಟಿನ ಅಡ್ಡವೇಗ ಹೆಚ್ಚಾಗಿದ್ದುದರಿಂದ ಸಂಖ್ಯೆ ಆ ಮಿತಿಯನ್ನು ದಾಟಿತು. ಕೋಡ್ ಬದಲಾಗಿರಲಿಲ್ಲ, ಅದು ನಡೆಯುವ ಜಾಗ ಬದಲಾಗಿತ್ತು. ಪಾಂಡವಪುರದ ಡೇರಿಯೊಂದರಲ್ಲಿ ಚೆನ್ನಾಗಿ ನಡೆಯುತ್ತಿದೆ ಎಂದು ಯಾರಾದರೂ ಹೇಳಿದರೆ, ಅಲ್ಲಿ ಎಷ್ಟು ಸದಸ್ಯರಿದ್ದಾರೆ, ಹೆಸರು ಯಾವ ಲಿಪಿಯಲ್ಲಿದೆ ಎಂದು ಕೇಳಬೇಕಾದುದು ಇದಕ್ಕಾಗಿಯೇ.

ಆಟೊಮೇಷನ್ ಮತ್ತು ಶೇಕಡಾ ನೂರು

ಆಟೊಮೇಷನ್ ಬಂದ ಮೇಲೆ ಟೆಸ್ಟರುಗಳು ಬೇಕಾಗುವುದಿಲ್ಲ ಎಂಬ ಮಾತನ್ನು ನಾನು ಈ ಕೆಲಸಕ್ಕೆ ಸೇರಿದಂದಿನಿಂದ ಕೇಳುತ್ತಿದ್ದೇನೆ. ಪರೀಕ್ಷೆಗಳನ್ನು ತಾನಾಗಿ ಓಡಿಸಲು ಬರೆದ ಸ್ಕ್ರಿಪ್ಟು ಬಹಳ ಉಪಯುಕ್ತ ಆಳು: ಹೇಳಿದ್ದನ್ನು ಬೇಸರವಿಲ್ಲದೆ ಸಾವಿರ ಸಲ ಮಾಡುತ್ತದೆ, ಹೇಳದೆ ಇದ್ದುದನ್ನು ಒಮ್ಮೆಯೂ ಮಾಡುವುದಿಲ್ಲ. ‘ಚಿಕ್ಕಲಿಂಗೇ’ ಎಂಬ ಹೆಸರನ್ನು ಕಂಡು ನಗುವ ಶಕ್ತಿ ಅದಕ್ಕಿಲ್ಲ. ಒಂದು ಬಗ್ ಸರಿಪಡಿಸಿದ ಮೇಲೆ ಹಿಂದೆ ಸರಿಯಿದ್ದುದು ಕೆಟ್ಟಿದೆಯೇ ಎಂದು ನೋಡುವ ರಿಗ್ರೆಷನ್ ಪರೀಕ್ಷೆಗೆ ಅದನ್ನು ಹಚ್ಚಿ. ಹೊಸದಾಗಿ ಬಂದ ಪರದೆಯನ್ನು ಮೊದಲು ಕೈಯಿಂದಲೇ ನೋಡಿ. ವಾರಕ್ಕೊಮ್ಮೆ ಬದಲಾಗುವ ಪರದೆಗೆ ಸ್ಕ್ರಿಪ್ಟು ಬರೆದರೆ ಪರೀಕ್ಷೆಗಿಂತ ಅದರ ರಿಪೇರಿಗೇ ಹೆಚ್ಚು ಸಮಯ ಹೋಗುತ್ತದೆ.

ಕೋಡ್ ಕವರೇಜ್ ಶೇಕಡಾ 100 ಎಂದರೆ ಪ್ರತಿ ಸಾಲೂ ಒಮ್ಮೆಯಾದರೂ ಓಡಿದೆ ಎಂದಷ್ಟೇ ಅರ್ಥ. ಎಮ್ಮೆ ಹಾಲಿನ ಸರಾಸರಿ ಫ್ಯಾಟ್ ಕಂಡುಹಿಡಿಯಲು ಒಟ್ಟು ಕೊಬ್ಬನ್ನು ಒಟ್ಟು ಲೀಟರಿನಿಂದ ಭಾಗಿಸುವ ಒಂದು ಸಾಲಿದೆ ಎನ್ನಿ. ಯಾವುದೋ ಒಂದು ದಿನದ ನಮೂದಿನಿಂದ ಆ ಸಾಲು ಓಡಿದರೆ ಕವರೇಜ್ ಪೂರ್ತಿಯಾಯಿತು. ಎಮ್ಮೆ ಹಾಲು ಒಂದು ಲೀಟರೂ ಬಾರದ ಸಂಜೆ ಅದೇ ಸಾಲು ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಮು ನಿಂತುಬಿಡಬಹುದು. ಕವರೇಜ್ ಕಡಿಮೆಯಿದ್ದರೆ ಅದು ಕೆಟ್ಟ ಸುದ್ದಿ ಖಂಡಿತ. ಹೆಚ್ಚಿದ್ದರೆ ಒಳ್ಳೆಯ ಸುದ್ದಿಯೆಂದು ಹೇಳಲಾಗದು.

ಒಂದೇ ಪರೀಕ್ಷೆಗಳನ್ನು ವರ್ಷಗಟ್ಟಲೆ ಓಡಿಸುವುದರ ಬಗ್ಗೆಯೂ ಎಚ್ಚರವಿರಲಿ. ಒಂದೇ ಔಷಧಿಯನ್ನು ಬೆಳೆಯಿಂದ ಬೆಳೆಗೆ ಹೊಡೆದರೆ ಹುಳು ಅದಕ್ಕೆ ಜಗ್ಗುವುದಿಲ್ಲ ಎಂಬುದು ಭತ್ತ ಬೆಳೆಯುವವರಿಗೆಲ್ಲ ಗೊತ್ತು. ಬೋರಿಸ್ ಬೈಜರ್ ಎಂಬ ಪರೀಕ್ಷಾ ತಜ್ಞರು ಇದನ್ನೇ ಕೀಟನಾಶಕದ ವಿರೋಧಾಭಾಸ ಎಂದು ಕರೆದಿದ್ದರು. ಟೆಸ್ಟರುಗಳ ಪ್ರಮಾಣಪತ್ರಕ್ಕೆ ಪಠ್ಯಕ್ರಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಟಿಕ್ಯುಬಿಯ ಪಠ್ಯಕ್ರಮದ ಏಳು ಮೂಲತತ್ತ್ವಗಳಲ್ಲಿ ಇದೂ ಒಂದು. 2023ರ ಆವೃತ್ತಿಯಲ್ಲಿ ಇದಕ್ಕೆ ಪರೀಕ್ಷೆಗಳು ಸವೆಯುತ್ತವೆ ಎಂಬ ಅರ್ಥದ ಹೊಸ ಹೆಸರು ಕೊಟ್ಟಿದ್ದಾರೆ. ಆ ಏಳನ್ನು ಸಂದರ್ಶನಕ್ಕಾಗಿ ಬಾಯಿಪಾಠ ಮಾಡುವುದರಲ್ಲಿ ತಪ್ಪೇನಿಲ್ಲ, ಆದರೆ ಅವು ಕೈಗೆ ಹತ್ತುವುದು ಕೆಲಸದಲ್ಲಿಯೇ.

ಯಾವಾಗ, ಯಾರು

ಕೋಡ್ ಬರೆದು ಮುಗಿದ ಮೇಲೆ, ರಿಲೀಸಿಗೆ ನಾಲ್ಕು ದಿನ ಮೊದಲು ಟೆಸ್ಟರನ್ನು ಕರೆಯುವುದು ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ತಡವಾಗಿ ಸಿಕ್ಕ ಬಗ್ ಎಷ್ಟು ಪಟ್ಟು ದುಬಾರಿ ಎಂಬ ಬಗೆಬಗೆಯ ಅಂಕಿಗಳು ತರಬೇತಿಯ ಸ್ಲೈಡುಗಳಲ್ಲಿ ಓಡಾಡುತ್ತವೆ. ಅವನ್ನು ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಮೇಲಿನ ನಾಲ್ಕು ಮನೆಯ ಕೋಷ್ಟಕದ ಪ್ರಶ್ನೆಯನ್ನು ಮೊದಲ ದಿನ ಕೇಳಿದ್ದರೆ ಒಂದು ಫೋನ್ ಕರೆಯಲ್ಲಿ ಮುಗಿಯುತ್ತಿತ್ತು, ಮೂರು ತಿಂಗಳ ಬಟವಾಡೆ ಆದ ಮೇಲೆ ಕೇಳಿದರೆ ಎಲ್ಲರ ಪಾಸ್‌ಬುಕ್ ತಿದ್ದಬೇಕಾಗುತ್ತದೆ ಎಂಬಷ್ಟು ತಿಳಿದರೆ ಸಾಕು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಕೋಡಿಗೂ ಹೊಂದುತ್ತದೆ. ಬರೆದವರು ತಾವು ಬರೆದುದನ್ನು ಪರೀಕ್ಷಿಸಲೇಬೇಕು, ಕೋಡಿನ ಸಣ್ಣ ಸಣ್ಣ ಭಾಗಗಳನ್ನು ಬಿಡಿಬಿಡಿಯಾಗಿ ನೋಡುವ ಯೂನಿಟ್ ಟೆಸ್ಟ್ ಅವರದೇ ಕೆಲಸ. ಆದರೆ ನಿಯಮವನ್ನು ತಪ್ಪಾಗಿ ಅರ್ಥ ಮಾಡಿಕೊಂಡವರು ಪರೀಕ್ಷೆಯನ್ನೂ ಅದೇ ತಪ್ಪು ಅರ್ಥದ ಮೇಲೆ ಬರೆಯುತ್ತಾರೆ. ಎರಡನೆಯ ಜೊತೆ ಕಣ್ಣು ಬೇಕಾಗುವುದು ಅಲ್ಲಿ. ಟೆಸ್ಟರುಗಳನ್ನು ಅವರು ಹಿಡಿದ ಬಗ್‌ಗಳ ಸಂಖ್ಯೆಯಿಂದ ಅಳೆಯುವ ಪದ್ಧತಿ ಇದಕ್ಕೆ ನೆರವಾಗುವುದಿಲ್ಲ. ಹಾಗೆ ಅಳೆದರೆ ಕಾಗುಣಿತದ ತಪ್ಪುಗಳ ರಾಶಿ ಬೀಳುತ್ತದೆ, ಎರಡು ದಿನ ಕುಳಿತು ಹುಡುಕಬೇಕಾದ ಒಂದು ಬಗ್ ಹಾಗೆಯೇ ಉಳಿಯುತ್ತದೆ.

ಬಗ್ಗನ್ನು ಬರೆದುಕೊಡುವುದು

‘ಬಿಲ್ ತಪ್ಪು ಬರುತ್ತಿದೆ, ದಯವಿಟ್ಟು ನೋಡಿ’ ಎಂದು ಬರೆದರೆ ಡೆವಲಪರ್ ನೋಡುತ್ತಾನೆ, ಅವನಿಗೆ ಸರಿಯಾಗಿಯೇ ಬರುತ್ತದೆ, ಮುಚ್ಚುತ್ತಾನೆ. ನಾನು ಡೇರಿಯ ಪ್ರೋಗ್ರಾಮಿಗೆ ಬರೆದುಕೊಟ್ಟ ಒಂದು ವರದಿ ಹೀಗಿತ್ತು (ಬಿಲ್ಡ್ ಎಂದರೆ ಪರೀಕ್ಷೆಗೆ ಕೊಟ್ಟ ಪ್ರೋಗ್ರಾಮಿನ ಆವೃತ್ತಿ):

ಬಿಲ್ಡ್ 14. ಸದಸ್ಯ ಸಂಖ್ಯೆ 27, ಹಸು, ಬೆಳಗಿನ ಹೊತ್ತು, 5.0 ಲೀಟರು, ಫ್ಯಾಟ್ 3.5, ಎಸ್‌ಎನ್‌ಎಫ್ 8.6 ಎಂದು ನಮೂದಿಸಿ ಎಂಟರ್ ಒತ್ತಿದೆ. ಚೀಟಿಯಲ್ಲಿ ಪೂರ್ತಿ ದರ ಬರಬೇಕಿತ್ತು, ಕಡಿತದ ದರ ಬಂದಿದೆ. ಐದು ಸಲ ಮಾಡಿದೆ, ಐದು ಸಲವೂ ಹೀಗೇ. ಫ್ಯಾಟ್ 3.6 ಹಾಕಿದರೆ ಪೂರ್ತಿ ದರ ಬರುತ್ತದೆ, 3.4 ಹಾಕಿದರೆ ಕಡಿತ ಬರುತ್ತದೆ, ಅವೆರಡೂ ಸರಿ.

ಇದರಲ್ಲಿ ಕೊನೆಯ ವಾಕ್ಯವೇ ಹೆಚ್ಚು ಬೆಲೆಯುಳ್ಳದ್ದು. ಬಗ್ ಎಲ್ಲಿ ಇದೆ ಎಂಬುದರ ಜೊತೆಗೆ ಎಲ್ಲಿ ಇಲ್ಲ ಎಂಬುದನ್ನೂ ಅದು ಹೇಳುವುದರಿಂದ, ಓದಿದವರಿಗೆ ಕೋಡಿನ ಯಾವ ಸಾಲನ್ನು ತೆರೆಯಬೇಕೆಂಬುದು ಆಗಲೇ ಗೊತ್ತಾಗುತ್ತದೆ. ‘ನೀವು ತಪ್ಪು ಮಾಡಿದ್ದೀರಿ’ ಎಂಬ ಧಾಟಿಯ ಒಂದು ಪದವೂ ವರದಿಯಲ್ಲಿ ಬೇಡ. ಬಗ್ಗಿನ ತೀವ್ರತೆಯನ್ನೂ ಅದನ್ನು ಸರಿಪಡಿಸುವ ಆದ್ಯತೆಯನ್ನೂ ಒಂದೆಂದು ತಿಳಿಯಬೇಡಿ: ಹೆಸರು ತುಂಡಾಗುವುದರಿಂದ ಲೆಕ್ಕಕ್ಕೆ ಏನೂ ಆಗುವುದಿಲ್ಲ, ಆದರೂ ಊರಿನವರು ಪ್ರೋಗ್ರಾಮನ್ನು ನಂಬಬೇಕಾದರೆ ಮೊದಲು ಸರಿಯಾಗಬೇಕಾದ್ದು ಅದೇ ಆಗಿತ್ತು. ಇನ್ನೊಂದು ಮಾತು, ಒಂದು ಪರದೆಯಲ್ಲಿ ಎರಡು ಬಗ್ ಸಿಕ್ಕರೆ ಅಲ್ಲಿಯೇ ಇನ್ನಷ್ಟು ಕೆದಕಿ. ಬಗ್‌ಗಳು ಎಲ್ಲ ಕಡೆ ಸಮನಾಗಿ ಹರಡಿಕೊಳ್ಳುವುದಿಲ್ಲ, ಆತುರದಲ್ಲಿ ಬರೆದ ಜಾಗದಲ್ಲಿ ಗುಂಪುಗೂಡಿರುತ್ತವೆ.

ಎಲ್ಲಿ ನಿಲ್ಲಿಸಬೇಕು

ಪರೀಕ್ಷೆ ಮುಗಿಯುವುದಿಲ್ಲ, ನಿಲ್ಲಿಸಬೇಕಾಗುತ್ತದೆ. ಹಣ, ದಾಖಲೆ, ಜನರ ಸುರಕ್ಷತೆ ಇವುಗಳಿಗೆ ಧಕ್ಕೆ ತರುವಂಥವನ್ನು ಮೊದಲು ನೋಡಿ ಮುಗಿಸಿದ್ದರೆ, ಸಮಯ ತೀರಿದಾಗ ಉಳಿದಿರುವುದು ಸಣ್ಣ ಅಪಾಯದವಾಗಿರುತ್ತವೆ. ನಿಲ್ಲಿಸುವಾಗ ಕೊಡುವ ವರದಿಯಲ್ಲಿ ‘120 ಕೇಸುಗಳಲ್ಲಿ 117 ಪಾಸು’ ಎಂಬ ಸಾಲಿಗಿಂತ, ಏನನ್ನು ನೋಡಿಲ್ಲ ಎಂಬ ಪಟ್ಟಿ ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪಾಸಾಗದ ಆ ಮೂರು ಬಟವಾಡೆಯವೇ ಆಗಿದ್ದರೆ 117ಕ್ಕೆ ಅರ್ಥವಿರುವುದಿಲ್ಲ.

ನಮ್ಮ ಡೇರಿಯಲ್ಲಿ ಬಗ್‌ಗಳು ಸರಿಯಾದ ಮೇಲೂ ಎರಡು ವಾರ ಪುಸ್ತಕ ಮತ್ತು ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ನಡೆಸಿ, ಪ್ರತಿ ಸಂಜೆ ಎರಡೂ ಲೆಕ್ಕವನ್ನು ತಾಳೆ ನೋಡಿದೆವು. ಬಳಿಕ ಕಾರ್ಯದರ್ಶಿಗಳಿಗೆ ಕೊಟ್ಟ ಒಂದು ಪುಟದ ಕಾಗದದಲ್ಲಿ ನೋಡದೆ ಬಿಟ್ಟ ಮೂರು ವಿಷಯಗಳನ್ನು ಬರೆದೆ: ಎರಡು ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ನಮೂದು ಮಾಡಿಲ್ಲ, ವಾರದ ಮಧ್ಯೆ ದರ ಬದಲಾದರೆ ಏನಾಗುತ್ತದೆಂದು ನೋಡಿಲ್ಲ, ಬ್ಯಾಕಪ್ ತೆಗೆಯುವುದನ್ನು ನೋಡಿದ್ದೇವೆ, ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ತರುವುದನ್ನು ನೋಡಿಲ್ಲ. ಅವರು ಎರಡನೆಯದರ ಮೇಲೆ ಬೆರಳಿಟ್ಟು, ಮುಂದಿನ ತಿಂಗಳು ದರ ಬದಲಾಗುವ ಸುದ್ದಿಯಿದೆ ಎಂದರು. ಅದರ ಹಿಂದಿನ ಭಾನುವಾರ ಮತ್ತೆ ಊರಿಗೆ ಹೋದೆ.